ಅಂಕ ಕೊಡುವವರು ಯಾರು? ಪದವಿ ಮೌಲ್ಯಮಾಪನದ ಇತಿಹಾಸದಿಂದ ಕೆಲವು ಪುಟಗಳು

ಈ ವರ್ಷದ ಮಾರ್ಚ್ ತಿಂಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಶಾಲೆಗೆ ಬಂದಿದ್ದಳು. ಈಗ ಬಿ.ಎ. ಮೊದಲ ವರ್ಷ ಓದುತ್ತಿದ್ದಾಳೆ. ಕೈಯಲ್ಲಿ ಮೊದಲ ಸೆಮಿಸ್ಟರಿನ ಫಲಿತಾಂಶದ ಪ್ರಿಂಟ್ ಇತ್ತು. ಇತಿಹಾಸದ ಸಾಲಿನ ಮೇಲೆ ಬೆರಳಿಟ್ಟು ಹೇಳಿದಳು: "ಸರ್, ಪರೀಕ್ಷೆಯಲ್ಲಿ 80ಕ್ಕೆ 61 ಬಂದಿದೆ. ಇಂಟರ್ನಲ್‌ನಲ್ಲಿ 20ಕ್ಕೆ 11. ನನ್ನ ಮುಖ ನೋಡದವರು 61 ಕೊಟ್ಟಿದ್ದಾರೆ, ದಿನಾ ನೋಡೋರು 11 ಕೊಟ್ಟಿದ್ದಾರೆ. ಯಾಕೆ ಸರ್?"

ಆ ಹೊತ್ತಿಗೆ ನನ್ನಲ್ಲಿ ಉತ್ತರವಿರಲಿಲ್ಲ. "ಅವರನ್ನೇ ಕೇಳಮ್ಮಾ" ಎಂದೆ. "ಹೇಗೆ ಕೇಳೋದು ಸರ್, ಇನ್ನೂ ಐದು ಸೆಮಿಸ್ಟರ್ ಇದೆ" ಎಂದಳು. ಅವಳ ಭಯವೂ ಸುಳ್ಳಲ್ಲ. ಆದರೆ ಅವಳು ಕೇಳಿದ ಪ್ರಶ್ನೆ ಮಾತ್ರ ಬಹಳ ಹಳೆಯದು. ವಿದ್ಯಾರ್ಥಿಯ ಯೋಗ್ಯತೆಯನ್ನು ಅಳೆಯಬೇಕಾದವರು ಪಾಠ ಹೇಳಿದ ಗುರುವೋ, ಅಥವಾ ಅವನನ್ನು ಎಂದೂ ಕಾಣದ ಪರೀಕ್ಷಕರೋ? ಉನ್ನತ ಶಿಕ್ಷಣದ ಇತಿಹಾಸವು ಈ ಎರಡರ ನಡುವೆ ಹಲವು ಸಲ ಹೊಯ್ದಾಡಿದೆ.

ಮೊದಲು ಗುರುವಿನ ಪದ್ಧತಿಯನ್ನು ನೋಡೋಣ. ಇಸ್ಲಾಮಿ ಜಗತ್ತಿನ ಹಳೆಯ ವಿದ್ಯಾಕೇಂದ್ರಗಳಲ್ಲಿ ಇದ್ದದ್ದು ಇಜಾಝತ್. ವಿದ್ಯಾರ್ಥಿಯು ಒಂದು ಗ್ರಂಥವನ್ನು ಉಸ್ತಾದರ ಎದುರು ಕುಳಿತು ಓದಬೇಕು, ಅವರು ಕೇಳಿದ್ದಕ್ಕೆ ಉತ್ತರಿಸಬೇಕು. ತೃಪ್ತಿಯಾದರೆ, ಈತನು ಈ ಗ್ರಂಥವನ್ನು ನನ್ನಲ್ಲಿ ಓದಿದ್ದಾನೆ, ಇದನ್ನು ಇತರರಿಗೆ ಕಲಿಸಬಹುದು ಎಂದು ಉಸ್ತಾದರು ಬರೆದುಕೊಡುತ್ತಿದ್ದರು. ತಾವು ಯಾರಿಂದ ಕಲಿತರು, ಅವರು ಯಾರಿಂದ ಕಲಿತರು ಎಂಬ ಗುರುಪರಂಪರೆಯೂ ಅದರ ಜೊತೆಗಿರುತ್ತಿತ್ತು. ಸಂಸ್ಥೆಯ ಹೆಸರಿಗಿಂತ ಉಸ್ತಾದರ ಹೆಸರಿಗೆ ಬೆಲೆ. ಬೀದರಿನಲ್ಲಿ 1472ರಲ್ಲಿ ಕಟ್ಟಿದ ಮಹಮೂದ್ ಗವಾನರ ಮದರಸದ ಗೋಡೆಗಳನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಆ ಕಾಲದ ಯಾವ ಮದರಸದಲ್ಲೂ ನೂರಕ್ಕೆ ಇಷ್ಟು ಎಂಬ ಅಂಕಪಟ್ಟಿ ಇರಲಿಲ್ಲ. ಗೊತ್ತು ಅಥವಾ ಗೊತ್ತಿಲ್ಲ, ಎರಡೇ ಮಾತು.

ಈ ಪದ್ಧತಿಯನ್ನು ಕೇವಲ ಹೊಗಳಿ ಬಿಡುವುದು ನ್ಯಾಯವಲ್ಲ. ಉಸ್ತಾದರ ಹತ್ತಿರ ತಲುಪಿದವನಿಗೆ ಮಾತ್ರ ಅದು ತೆರೆದ ಬಾಗಿಲು. ತಲುಪದವನಿಗೆ ಮೇಲ್ಮನವಿ ಸಲ್ಲಿಸಲು ಬೇರೆ ಜಾಗವಿರಲಿಲ್ಲ. ಕೈರೋದ ಅಲ್ ಅಝ್ಹರ್‌ನಲ್ಲಿಯೂ 1872ರಲ್ಲಿ ಒಬ್ಬ ಗುರುವಿನ ಮಾತಿಗೆ ಬದಲಾಗಿ ಉಲಮಾಗಳ ಸಮಿತಿಯ ಮುಂದೆ ಪರೀಕ್ಷೆ ನಡೆಸುವ ಕಾನೂನು ಬಂದಿತು. ಉತ್ತೀರ್ಣರಾದವರನ್ನು ಮೂರು ದರ್ಜೆಗಳಲ್ಲಿ ವಿಂಗಡಿಸಲಾಯಿತು.

ಇನ್ನು ಅಪರಿಚಿತ ಪರೀಕ್ಷಕರ ಪದ್ಧತಿ. ಇದನ್ನು ಬಹಳ ಹಿಂದೆಯೇ ಪೂರ್ತಿಯಾಗಿ ಯೋಚಿಸಿದವರು ಚೀನಿಯರು. ಸರ್ಕಾರಿ ಅಧಿಕಾರಿಗಳನ್ನು ಆರಿಸಲು ಅಲ್ಲಿ ನಡೆಯುತ್ತಿದ್ದ ಪರೀಕ್ಷೆಯಲ್ಲಿ, ಸೋಂಗ್ ರಾಜವಂಶದ ಕಾಲಕ್ಕೆ, ಅಭ್ಯರ್ಥಿಯ ಹೆಸರಿನ ಮೇಲೆ ಕಾಗದ ಅಂಟಿಸುತ್ತಿದ್ದರು. ಅಷ್ಟೇ ಅಲ್ಲ, ಕೈಬರಹದಿಂದ ಗುರುತು ಸಿಗಬಾರದೆಂದು ಗುಮಾಸ್ತರನ್ನು ಕೂರಿಸಿ ಇಡೀ ಉತ್ತರವನ್ನು ನಕಲು ಮಾಡಿಸಿ, ಆ ನಕಲನ್ನು ಪರೀಕ್ಷಕರಿಗೆ ಕೊಡುತ್ತಿದ್ದರು. ಇಂದು ನಮ್ಮ ಮೌಲ್ಯಮಾಪನ ಕೇಂದ್ರಗಳಲ್ಲಿ ನೋಂದಣಿ ಸಂಖ್ಯೆಯನ್ನು ಮರೆಮಾಡಿ ಕೋಡ್ ಸಂಖ್ಯೆ ಹಾಕುತ್ತೇವಲ್ಲ, ಅದರ ಅಜ್ಜ ಇದು ಎನ್ನಬಹುದು. ಚೀನಾದ ಆ ಪರೀಕ್ಷೆ 1905ರಲ್ಲಿ ನಿಂತಿತು.

ಯುರೋಪಿನಲ್ಲಿ ಪದವಿ ಪರೀಕ್ಷೆ ಎಂದರೆ ಬಹುಕಾಲ ಬಾಯಿಮಾತಿನ ವಾದವಿವಾದವೇ ಆಗಿತ್ತು, ಅದೂ ಲ್ಯಾಟಿನ್ ಭಾಷೆಯಲ್ಲಿ. ಕೇಂಬ್ರಿಡ್ಜಿನಲ್ಲಿ 18ನೆಯ ಶತಮಾನದಲ್ಲಿ ಅದು ನಿಧಾನವಾಗಿ ಬರಹದ ಪರೀಕ್ಷೆಯಾಗಿ ಬದಲಾಯಿತು. ಇದು ಸಣ್ಣ ಬದಲಾವಣೆಯಲ್ಲ. ಬಾಯಿಮಾತು ಗಾಳಿಗೆ ಹೋಗುತ್ತದೆ. ಬರಹ ಮೇಜಿನ ಮೇಲೆ ಉಳಿಯುತ್ತದೆ. ಎರಡು ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು ಇದಕ್ಕೆ ಇಷ್ಟು, ಅದಕ್ಕೆ ಅಷ್ಟು ಎಂದು ಅಳೆಯಲು ಸಾಧ್ಯವಾದದ್ದು ಆಮೇಲೆಯೇ. ಗಣಿತದಲ್ಲಿ ಮೊದಲ ಸ್ಥಾನ ಪಡೆದವನನ್ನು ಸೀನಿಯರ್ ರ್‍ಯಾಂಗ್ಲರ್ ಎಂದು ಕರೆದರು. 1899ರಲ್ಲಿ ಆ ಸ್ಥಾನ ಭಾರತದ ಆರ್.ಪಿ. ಪರಾಂಜಪೆಯವರಿಗೆ ಸಿಕ್ಕಿತು. ಒಂದು, ಎರಡು, ಮೂರು ಎಂದು ಸ್ಥಾನ ಪ್ರಕಟಿಸುವ ರೂಢಿಯನ್ನು ಕೇಂಬ್ರಿಡ್ಜ್ 1909ರ ನಂತರ ಕೈಬಿಟ್ಟಿತು. ನಮ್ಮ ಪತ್ರಿಕೆಗಳು ರ್‍ಯಾಂಕಿನ ಫೋಟೊಗಳನ್ನು ಇನ್ನೂ ಬಿಟ್ಟಿಲ್ಲ. ಅಮೆರಿಕದ ಯೇಲ್ ಕಾಲೇಜಿನಲ್ಲಿ 1785ರಲ್ಲಿ ಅಧ್ಯಕ್ಷರು ತಮ್ಮ 58 ವಿದ್ಯಾರ್ಥಿಗಳನ್ನು ಉತ್ತಮರು, ಎರಡನೆಯ ಉತ್ತಮರು, ಕೆಳಗಿನವರು, ತೀರಾ ಕೆಳಗಿನವರು ಎಂದು ನಾಲ್ಕು ಗುಂಪು ಮಾಡಿ ಬರೆದಿಟ್ಟಿದ್ದರು. ಇಂದಿನ ಗ್ರೇಡುಗಳ ಹಿರಿಯರು ಅವೇ.

ಈಗ ನಮ್ಮ ದೇಶಕ್ಕೆ ಬರೋಣ. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ಮೂರು ವಿಶ್ವವಿದ್ಯಾನಿಲಯಗಳು ಸ್ಥಾಪನೆಯಾದವು. ಅವಕ್ಕೆ ಮಾದರಿ ಲಂಡನ್ ವಿಶ್ವವಿದ್ಯಾನಿಲಯ. ಆ ಕಾಲದಲ್ಲಿ ಲಂಡನ್ ವಿಶ್ವವಿದ್ಯಾನಿಲಯ ತಾನೇ ಪಾಠ ಮಾಡುತ್ತಿರಲಿಲ್ಲ, ಕಾಲೇಜುಗಳು ಕಳುಹಿಸಿದವರಿಗೆ ಪರೀಕ್ಷೆ ಮಾಡಿ ಪದವಿ ಕೊಡುತ್ತಿತ್ತು. ನಮ್ಮ ಮೂರೂ ಹಾಗೆಯೇ ಹುಟ್ಟಿದವು. ಪಾಠ ಹೇಳುವವರು ಒಂದು ಕಡೆ, ಪ್ರಶ್ನೆಪತ್ರಿಕೆ ಮತ್ತು ಪದವಿ ಇನ್ನೊಂದು ಕಡೆ. ಅಧ್ಯಾಪಕನಿಗೆ ತಾನು ಮೂರು ವರ್ಷ ಕಲಿಸಿದ ವಿದ್ಯಾರ್ಥಿಯ ಬಗ್ಗೆ ಒಂದು ಮಾತು ಹೇಳುವ ಅಧಿಕಾರವೂ ಇರಲಿಲ್ಲ.

1858ರಲ್ಲಿ ಕಲ್ಕತ್ತದಲ್ಲಿ ನಡೆದ ಮೊದಲ ಬಿ.ಎ. ಪರೀಕ್ಷೆಯ ಕಥೆ ನಮ್ಮ ವಿದ್ಯಾರ್ಥಿಗಳಿಗೆ ಇಷ್ಟವಾಗುತ್ತದೆ. ಪದವಿ ಸಿಕ್ಕಿದ್ದು ಇಬ್ಬರಿಗೆ ಮಾತ್ರ: ಮುಂದೆ ಪ್ರಸಿದ್ಧ ಕಾದಂಬರಿಕಾರರಾದ ಬಂಕಿಮಚಂದ್ರ ಚಟ್ಟೋಪಾಧ್ಯಾಯ ಮತ್ತು ಜದುನಾಥ್ ಬೋಸ್. ಅವರೂ ಆರು ವಿಷಯಗಳಲ್ಲಿ ಐದರಲ್ಲಿ ಚೆನ್ನಾಗಿ ತೇರ್ಗಡೆಯಾಗಿ, ಆರನೆಯದರಲ್ಲಿ ಏಳಕ್ಕೆ ಮೀರದಷ್ಟು ಅಂಕಗಳಿಂದ ಬಿದ್ದಿದ್ದರು. ವಿಶೇಷ ಕೃಪೆ ಎಂದು ಅವರಿಗೆ ಎರಡನೆಯ ದರ್ಜೆಯಲ್ಲಿ ಪದವಿ ಕೊಡಲಾಯಿತು. ಅಂದರೆ ಕಲ್ಕತ್ತ ವಿಶ್ವವಿದ್ಯಾನಿಲಯದ ಮೊಟ್ಟಮೊದಲ ಪದವೀಧರರೇ ಗ್ರೇಸ್ ಮಾರ್ಕಿನವರು! ಕೃಪಾಂಕದಿಂದ ಪಾಸಾದೆ ಎಂದು ತಲೆತಗ್ಗಿಸುವ ಮಕ್ಕಳಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ.

ಕನ್ನಡ ನಾಡಿನ ವಿದ್ಯಾರ್ಥಿಗಳ ಪಾಡು ವಿಚಿತ್ರವಾಗಿತ್ತು. ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜುಗಳ ಹುಡುಗರು 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆರಂಭವಾಗುವವರೆಗೂ ಮದರಾಸಿನ ಪರೀಕ್ಷೆ ಬರೆದರು. ಧಾರವಾಡದ ಕಡೆಯವರು ಬೊಂಬಾಯಿಗೆ ಸೇರಿದವರು. ಕಲಬುರಗಿ, ಬೀದರ್, ರಾಯಚೂರಿನವರಿಗೆ 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಬಂತು. ಅಲ್ಲಿ ಉರ್ದುವೇ ಬೋಧನಾ ಮಾಧ್ಯಮ. ಅಲೀಗಢದ ಎಂ.ಎ.ಓ. ಕಾಲೇಜಿನ ಸ್ಥಿತಿಯೂ ಬೇರೆಯಲ್ಲ. 1920ರಲ್ಲಿ ತಾನೇ ವಿಶ್ವವಿದ್ಯಾನಿಲಯವಾಗುವವರೆಗೆ ಅದು ಮೊದಲು ಕಲ್ಕತ್ತದ, ನಂತರ ಅಲಹಾಬಾದಿನ ಪರೀಕ್ಷೆಗೆ ತನ್ನ ವಿದ್ಯಾರ್ಥಿಗಳನ್ನು ಕಳುಹಿಸಬೇಕಾಗಿತ್ತು.

ದೂರದ ಪರೀಕ್ಷಕನಿಂದ ಒಂದು ದೊಡ್ಡ ಉಪಕಾರವಾಯಿತು. ಹುಡುಗನ ಜಾತಿ, ಮತ, ತಂದೆಯ ಉದ್ಯೋಗ ಯಾವುದೂ ಅವನಿಗೆ ಗೊತ್ತಿರುತ್ತಿರಲಿಲ್ಲ. ಬೀಡಿ ಕಟ್ಟುವವರ ಮಗನ ಉತ್ತರಪತ್ರಿಕೆಯೂ ವಕೀಲರ ಮಗನ ಉತ್ತರಪತ್ರಿಕೆಯೂ ಒಂದೇ ಕಟ್ಟಿನಲ್ಲಿ ಹೋಗುತ್ತಿದ್ದವು. ಅಪಕಾರವೂ ಅಷ್ಟೇ ದೊಡ್ಡದು. ಪರೀಕ್ಷೆಗೆ ಬರುವುದನ್ನು ಮಾತ್ರ ಓದು, ಉಳಿದದ್ದು ವ್ಯರ್ಥ ಎಂಬ ಅಭ್ಯಾಸ ಬೆಳೆಯಿತು. ಗೈಡುಗಳು ಬಂದವು. ಬಾಯಿಪಾಠ ವಿದ್ಯೆಯ ಸ್ಥಾನದಲ್ಲಿ ಕುಳಿತಿತು.

1917ರಿಂದ 1919ರವರೆಗೆ ಕೆಲಸ ಮಾಡಿದ ಕಲ್ಕತ್ತ ವಿಶ್ವವಿದ್ಯಾನಿಲಯ ಆಯೋಗ ಈ ರೋಗವನ್ನು ವಿವರವಾಗಿ ಬರೆದಿಟ್ಟಿತು. ಅಧ್ಯಕ್ಷರು ಮೈಕೆಲ್ ಸ್ಯಾಡ್ಲರ್. ಸದಸ್ಯರಲ್ಲಿ ಇಬ್ಬರನ್ನು ನಾವು ನೆನೆಯಬೇಕು. ಒಬ್ಬರು ಅಲೀಗಢದ ಗಣಿತಜ್ಞ ಡಾ. ಝಿಯಾವುದ್ದೀನ್ ಅಹ್ಮದ್. ಇನ್ನೊಬ್ಬರು ಫಿಲಿಪ್ ಹಾರ್ಟಾಗ್. ಇವರು 1921ರಲ್ಲಿ ಪಾಠ ಆರಂಭಿಸಿದ ಢಾಕಾ ವಿಶ್ವವಿದ್ಯಾನಿಲಯದ ಮೊದಲ ಕುಲಪತಿಯಾದರು. ಪಾಠವೂ ಪರೀಕ್ಷೆಯೂ ಒಂದೇ ಸೂರಿನಡಿ ಇರಬೇಕೆಂಬ ವಿಚಾರ ಇಂತಹ ಹೊಸ ವಿಶ್ವವಿದ್ಯಾನಿಲಯಗಳ ಹಿಂದಿತ್ತು.

ಹಾರ್ಟಾಗ್ ಇಂಗ್ಲೆಂಡಿಗೆ ಮರಳಿದ ಮೇಲೆ ನಡೆಸಿದ ಒಂದು ಪ್ರಯೋಗವನ್ನು ಪ್ರತಿಯೊಬ್ಬ ಅಧ್ಯಾಪಕರೂ ತಿಳಿದಿರಬೇಕು. ರೋಡ್ಸ್ ಎಂಬ ಸಂಖ್ಯಾಶಾಸ್ತ್ರಜ್ಞರ ಜೊತೆ 1935ರಲ್ಲಿ ಅದನ್ನು ಪ್ರಕಟಿಸಿದರು. ಮೊದಲು ಒಂದೇ ಸಮನಾದ ಸಾಧಾರಣ ಅಂಕ ಪಡೆದಿದ್ದ 15 ಇತಿಹಾಸದ ಉತ್ತರಪತ್ರಿಕೆಗಳನ್ನು ಅನುಭವಿ ಪರೀಕ್ಷಕರಿಗೆ ಕೊಟ್ಟರು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಕಳೆದ ಮೇಲೆ ಅವರಲ್ಲಿ 14 ಮಂದಿಗೆ ಅವೇ ಪತ್ರಿಕೆಗಳನ್ನು ಪುನಃ ಕೊಟ್ಟರು. ಒಟ್ಟು 210 ತೀರ್ಪುಗಳು. ಅವುಗಳಲ್ಲಿ 92ರಲ್ಲಿ ಅದೇ ಪರೀಕ್ಷಕರು ತಮ್ಮ ಹಿಂದಿನ ತೀರ್ಪನ್ನು ತಾವೇ ಬದಲಾಯಿಸಿದ್ದರು. ಪಾಸಾದವನು ಫೇಲು, ಫೇಲಾದವನು ಪಾಸು. ಅಲ್ಲಿ ಪಕ್ಷಪಾತವಿರಲಿಲ್ಲ, ಗುರುತು ಪರಿಚಯವಿರಲಿಲ್ಲ. ಮುಖ ನೋಡದೆ ಅಳೆದರೂ ತಕ್ಕಡಿ ಅಲುಗಾಡುತ್ತದೆ ಎಂದು ಸಾಬೀತಾಯಿತು. ಅದು ಶಾಲಾ ಮಟ್ಟದ ಪರೀಕ್ಷೆಯಾದರೂ ಪದವಿ ತರಗತಿಯ ಪ್ರಬಂಧ ರೂಪದ ಉತ್ತರಗಳಿಗೂ ಇದು ಅನ್ವಯಿಸುತ್ತದೆ ಎಂದೇ ನನ್ನ ಅಭಿಪ್ರಾಯ.

ಸ್ವಾತಂತ್ರ್ಯದ ನಂತರ 1948-49ರಲ್ಲಿ ಡಾ. ರಾಧಾಕೃಷ್ಣನ್ ಅಧ್ಯಕ್ಷತೆಯ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗದಲ್ಲಿ ಡಾ. ಝಾಕಿರ್ ಹುಸೇನರೂ ಸದಸ್ಯರಾಗಿದ್ದರು. ಜಾಮಿಯಾ ಮಿಲ್ಲಿಯಾದಲ್ಲಿ ಎರಡು ದಶಕ ದುಡಿದು ಆಗಷ್ಟೇ ಅಲೀಗಢದ ಕುಲಪತಿಯಾಗಿದ್ದವರು ಅವರು. ವಿಶ್ವವಿದ್ಯಾನಿಲಯಗಳಲ್ಲಿ ಒಂದೇ ಒಂದು ಸುಧಾರಣೆ ಮಾಡಬಹುದಾದರೆ ಅದು ಪರೀಕ್ಷೆಯಲ್ಲೇ ಆಗಬೇಕೆಂದು ಈ ಆಯೋಗ ಹೇಳಿತು. ಪ್ರತಿ ವಿಷಯದ ಅಂಕಗಳಲ್ಲಿ ಮೂರನೆಯ ಒಂದು ಭಾಗವನ್ನು ವರ್ಷವಿಡೀ ವಿದ್ಯಾರ್ಥಿ ಮಾಡಿದ ಕೆಲಸಕ್ಕೆ ಮೀಸಲಿಡಬೇಕೆಂದು ಶಿಫಾರಸು ಮಾಡಿತು. ನಾವು ಇಂದು ಇಂಟರ್ನಲ್ಸ್ ಎನ್ನುವುದರ ಬೀಜ ಅಲ್ಲಿದೆ. ಪ್ರಥಮ ದರ್ಜೆಗೆ 70 ಅಂಕ ಬೇಕೆಂದೂ ಕೃಪಾಂಕಗಳನ್ನು ನಿಲ್ಲಿಸಬೇಕೆಂದೂ ಅದು ಹೇಳಿತ್ತು. ಬಂಕಿಮಚಂದ್ರರ ಅದೃಷ್ಟ, ಅವರು ಮೊದಲೇ ಪಾಸಾಗಿದ್ದರು.

ನಂತರದ್ದನ್ನು ಬೇಗ ಹೇಳಿ ಮುಗಿಸಬಹುದು. 1966ರ ಕೊಠಾರಿ ಆಯೋಗದ ವರದಿಯೂ ಆಂತರಿಕ ಮೌಲ್ಯಮಾಪನದ ಪರವಾಗಿತ್ತು. ಅಮೆರಿಕದ ಸಹಕಾರದಿಂದ ಬೆಳೆದ ಕಾನ್ಪುರದ ಐಐಟಿ, ಪಾಠ ಹೇಳುವವರೇ ಅಕ್ಷರದ ಗ್ರೇಡ್ ಕೊಡುವ ಕ್ರಮವನ್ನು 1960ರ ದಶಕದಲ್ಲಿಯೇ ಅನುಸರಿಸಿತು. 2015ರ ಸುಮಾರಿಗೆ ಯುಜಿಸಿ ಹತ್ತು ಅಂಶಗಳ ಗ್ರೇಡ್ ಪದ್ಧತಿಯನ್ನು ವಿಶ್ವವಿದ್ಯಾನಿಲಯಗಳಿಗೆ ಸೂಚಿಸಿತು. ನಮ್ಮ ರಾಜ್ಯದ ಪದವಿ ತರಗತಿಗಳಲ್ಲಿ 2021ರ ಹೊಸ ಶಿಕ್ಷಣ ನೀತಿಯ ಪಠ್ಯಕ್ರಮದೊಂದಿಗೆ ನೂರಕ್ಕೆ 40 ಆಂತರಿಕ ಅಂಕಗಳಾದವು. 2024ರಲ್ಲಿ ಆ ಕ್ರಮ ಬದಲಾದಾಗ ಅವು ಹಲವೆಡೆ 20ಕ್ಕೆ ಇಳಿದವು. ಹೊಯ್ದಾಟ ನಿಂತಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಡ.

ಇಂಟರ್ನಲ್ ಅಂಕಗಳು ಕಾಗದದ ಮೇಲೆ ಎಷ್ಟು ಚೆನ್ನಾಗಿವೆಯೋ ನಡೆದುಕೊಳ್ಳುವಾಗ ಅಷ್ಟೇ ಕೆಡುತ್ತವೆ. ಇದನ್ನು ಬೇರೆಯವರ ಮೇಲೆ ಹಾಕಿ ಬರೆಯಲಾರೆ. ಎಸ್.ಎಸ್.ಎಲ್.ಸಿ. ಮಕ್ಕಳಿಗೆ ಆಂತರಿಕ ಅಂಕ ಹಾಕುವಾಗ ಇಡೀ ತರಗತಿಗೆ 18, 19, 20 ಎಂದು ಬರೆದವರಲ್ಲಿ ನಾನೂ ಒಬ್ಬ. ಬಡ ಮಕ್ಕಳು, ಹೋಗಲಿ ಎಂಬ ಕರುಣೆ ಅರ್ಧ. ನಲವತ್ತು ಪ್ರಾಜೆಕ್ಟ್ ಪುಸ್ತಕಗಳನ್ನು ಓದುವ ಸೋಮಾರಿತನ ಇನ್ನರ್ಧ. ನಿಜವಾಗಿ ದುಡಿದ ಹುಡುಗಿಗೂ ಅಂಗಡಿಯಿಂದ ಚಾರ್ಟ್ ತಂದವನಿಗೂ ಒಂದೇ ಅಂಕ ಸಿಕ್ಕರೆ ಅದು ಕರುಣೆಯೂ ಅಲ್ಲ. ಇನ್ನು ಕೆಲವು ಕಡೆ ಈ ಅಂಕವೇ ಬೆತ್ತವಾಗುತ್ತದೆ. ಇಂಟರ್ನಲ್ ನಮ್ಮ ಕೈಯಲ್ಲಿದೆ ಎಂಬ ಮಾತನ್ನು ಬಿ.ಇಡಿ. ಓದುವಾಗ ನಾವೂ ಕೇಳಿದ್ದೇವೆ.

ಹಾಗಾದರೆ ವಿದ್ಯಾರ್ಥಿಗೆ ಕೇಳುವ ಹಕ್ಕಿಲ್ಲವೇ? ಪರೀಕ್ಷೆಯ ಉತ್ತರಪತ್ರಿಕೆಯ ವಿಚಾರದಲ್ಲಿ ಇದೆ. ಮೌಲ್ಯಮಾಪನಗೊಂಡ ತನ್ನ ಉತ್ತರಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡಲು ಅಭ್ಯರ್ಥಿಗೆ ಅವಕಾಶ ಕೊಡಬೇಕೆಂದು ಸುಪ್ರೀಂ ಕೋರ್ಟ್ 2011ರ ಆಗಸ್ಟಿನಲ್ಲಿ ತೀರ್ಪು ನೀಡಿತು. ಪರೀಕ್ಷಕರ ಹೆಸರನ್ನು ಹೇಳಬೇಕಾಗಿಲ್ಲ. ಈ ಹಕ್ಕಿನಿಂದ ಮರು ಮೌಲ್ಯಮಾಪನವೂ ತಾನಾಗಿ ಬರುವುದಿಲ್ಲ. ಆದರೆ 1857ರಿಂದ ಮುಚ್ಚಿದ್ದ ಒಂದು ಕಟ್ಟು ಆ ದಿನ ಬಿಚ್ಚಿತು. ದೂರದ ಪರೀಕ್ಷಕನ ಲೆಕ್ಕವನ್ನು ನೋಡಬಹುದಾದರೆ, ಹತ್ತಿರದ ಅಧ್ಯಾಪಕರ ಲೆಕ್ಕವನ್ನು ನೋಡಲು ಏಕೆ ಅಂಜಬೇಕು?

ನಾನು ಆ ಹುಡುಗಿಗೆ ಇದನ್ನೆಲ್ಲ ಹೇಳಿ, ದೂರಿನ ಭಾಷೆಯಲ್ಲಿ ಬೇಡ, ತಿಳಿಯುವ ಭಾಷೆಯಲ್ಲಿ ಒಂದು ಅರ್ಜಿ ಬರೆ ಎಂದೆ. ಇಬ್ಬರೂ ಕೂಡಿ ಆರು ಸಾಲು ಬರೆದೆವು. ನಾಲ್ಕು ದಿನ ಚೀಲದಲ್ಲೇ ಇಟ್ಟುಕೊಂಡಿದ್ದು, ಐದನೆಯ ದಿನ ಕೊಟ್ಟಳಂತೆ. ಅಧ್ಯಾಪಕರು ಸಿಟ್ಟಾಗಲಿಲ್ಲ. ರಿಜಿಸ್ಟರ್ ತೆಗೆದು ತೋರಿಸಿದರು: ಎರಡು ಕಿರುಪರೀಕ್ಷೆಗಳಿಗೆ 10ಕ್ಕೆ 7, ಅಸೈನ್‌ಮೆಂಟಿಗೆ 5ಕ್ಕೆ 3, ಸೆಮಿನಾರಿಗೆ 5ಕ್ಕೆ 1. ಅಸೈನ್‌ಮೆಂಟನ್ನು ಗೈಡಿನಿಂದ ಇಳಿಸಿದ್ದು ನಿಜ ಎಂದು ಅವಳೇ ನನ್ನ ಮುಂದೆ ಒಪ್ಪಿಕೊಂಡಳು. ಸೆಮಿನಾರಿನ ದಿನ ಅಕ್ಕನ ನಿಕಾಹ್ ಇತ್ತು, ರಜೆ ಚೀಟಿ ಕೊಟ್ಟಿದ್ದಳು, ಅದು ರಿಜಿಸ್ಟರಿಗೆ ಬಂದಿರಲಿಲ್ಲ. ಅಂಕ ಬದಲಾಗಲಿಲ್ಲ, ಅಷ್ಟು ಹೊತ್ತಿಗೆ ಪಟ್ಟಿ ವಿಶ್ವವಿದ್ಯಾನಿಲಯಕ್ಕೆ ಹೋಗಿಯಾಗಿತ್ತು. ಎರಡನೆಯ ಸೆಮಿಸ್ಟರಿನಲ್ಲಿ ಮಾತ್ರ, ಅಂಕಗಳನ್ನು ಕಳುಹಿಸುವ ಒಂದು ವಾರ ಮೊದಲೇ ಬಿಡಿ ಬಿಡಿಯಾಗಿ ನೋಟಿಸ್ ಬೋರ್ಡಿಗೆ ಹಾಕಿದರು. ಅದರ ಫೋಟೊ ತೆಗೆದು ನನಗೂ ಕಳುಹಿಸಿದ್ದಾಳೆ.