ವಿದ್ಯಾರ್ಥಿಗಳ ಸ್ವಾಗತ: ಹಂಪೆಯ ಪರಿಸರದ ಆತಿಥ್ಯಚರಿತ್ರೆಯ ಬೆಳಕಿನಲ್ಲಿ

ವಿಶ್ವವಿದ್ಯಾನಿಲಯಗಳಲ್ಲಿ ಪ್ರತಿವರ್ಷವೂ ಹೊಸ ವಿದ್ಯಾರ್ಥಿಗಳಿಗಾಗಿ ನಡೆಯುವ ಸ್ವಾಗತಸಮಾರಂಭವನ್ನು ಚರಿತ್ರೆಯ ವಿಷಯವೆಂದು ಬಗೆಯುವವರು ವಿರಳ. ದೀಪ ಬೆಳಗುವುದು, ಹೂ ಕೊಡುವುದು, ಹಿರಿಯರ ಭಾಷಣ, ಸಂಜೆಯ ಹಾಡು ನಾಟಕ, ಇಷ್ಟಕ್ಕೆ ಅದು ಮುಗಿಯಿತೆಂದು ಭಾವಿಸುವುದುಂಟು. ಆದರೆ ಪರಸ್ಥಳದಿಂದ ಬಂದವನನ್ನು ಒಂದು ಸಮಾಜವು ತನ್ನವನನ್ನಾಗಿ ಮಾಡಿಕೊಳ್ಳುವ ಬಗೆ ಯಾವುದು, ಅದರ ವೆಚ್ಚವನ್ನು ಹೊರುವವರಾರು, ಅದರಿಂದ ಹೊರಗುಳಿಯುವವರಾರು ಎಂಬ ಪ್ರಶ್ನೆಗಳು ಚಾರಿತ್ರಿಕವಾದುವೇ. ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿಗಳ ಪರಿಸರದಲ್ಲಿ ಈ ಪ್ರಶ್ನೆಗಳಿಗೆ ದೊರೆಯುವ ಉತ್ತರಗಳನ್ನು ಸಂಗ್ರಹವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಕನ್ನಡನಾಡಿನ ಒಂದು ಪ್ರಾಚೀನ ನಿದರ್ಶನವನ್ನು ನೋಡೋಣ. ವಿಜಯಪುರ ಜಿಲ್ಲೆಯ ಸಾಲೋಟಗಿಯ ಸ್ತಂಭಶಾಸನವು ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ್ದು. ಅದರ ವರ್ಷ ಕ್ರಿ. ಶ. 945. ಮಂತ್ರಿಯಾದ ನಾರಾಯಣನು ಕಟ್ಟಿಸಿದ ಶಾಲೆಗೆ ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರೆಂದು ಅದು ಹೇಳುತ್ತದೆ. ಅವರ ವಸತಿಗೆ 27 ಮನೆಗಳು, ದೀಪದ ಎಣ್ಣೆಯ ವೆಚ್ಚಕ್ಕೆ 12 ನಿವರ್ತನ ಭೂಮಿ ದತ್ತಿಯಾಗಿದ್ದುವು. ಇಷ್ಟೇ ಅಲ್ಲದೆ, ಊರಿನಲ್ಲಿ ನಡೆಯುವ ಪ್ರತಿಯೊಂದು ಮದುವೆಗೆ 5 ನಾಣ್ಯ, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಮತ್ತದರ ಅರ್ಧವನ್ನು ಶಾಲೆಗೆ ಸಲ್ಲಿಸಬೇಕೆಂಬ ಕಟ್ಟಳೆಯೂ ಇದ್ದಿತು. ಗೃಹಸ್ಥನು ತನ್ನ ಮನೆಯ ಮಂಗಳಕಾರ್ಯದಲ್ಲಿ ಪರವೂರ ವಿದ್ಯಾರ್ಥಿಯನ್ನು ನೆನೆಯಬೇಕೆಂಬ ಈ ಏರ್ಪಾಡಿನಲ್ಲಿ ಸ್ವಾಗತವು ಮಾತಿನ ಉಪಚಾರವಾಗಿರದೆ ಊರಿನ ಹೊಣೆಯಾಗಿತ್ತು. ಆದರೆ ಈ ಶಾಲೆಯು ಬ್ರಾಹ್ಮಣ ವಿದ್ಯಾರ್ಥಿಗಳಿಗೆ ಮೀಸಲಾದುದು. ಊರಿನ ಉಳಿದ ಮಕ್ಕಳಿಗೆ ಆ 27 ಮನೆಗಳಲ್ಲಿ ಎಡೆಯಿರಲಿಲ್ಲ. ಈ ಮಿತಿಯನ್ನು ಮರೆತು ಪ್ರಾಚೀನರನ್ನು ಹೊಗಳುವುದು ಚರಿತ್ರಕಾರನಿಗೆ ಸಲ್ಲದು.

ಇನ್ನು ನಮ್ಮ ಪರಿಸರಕ್ಕೆ ಬರೋಣ. ಕಂಪ್ಲಿಯ ಹೆಸರಿನೊಡನೆ ಬೆಸೆದುಕೊಂಡಿರುವ ಕಂಪಿಲರಾಯನು ಮಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದು ಸೋತು ಬಂದ ಬಹಾಉದ್ದೀನ್ ಗುರ್ಷಾಸ್ಪನಿಗೆ ಆಶ್ರಯವಿತ್ತನು. ದಿಲ್ಲಿಯ ಸೈನ್ಯವು ಮುತ್ತಿದಾಗಲೂ ಅತಿಥಿಯನ್ನು ಒಪ್ಪಿಸಲಿಲ್ಲ. ಅವನನ್ನು ಹೊಯ್ಸಳರ ಆಶ್ರಯಕ್ಕೆ ಕಳುಹಿಸಿ ತಾನು ಹೋರಾಡಿ ಮಡಿದನು. 1327ರಲ್ಲಿ ಅವನ ರಾಜ್ಯವು ಅಳಿಯಿತು. ಮುಂದೆ ಮುಮ್ಮಡಿ ಬಲ್ಲಾಳನು ಅದೇ ಅತಿಥಿಯನ್ನು ಸುಲ್ತಾನನ ಕಡೆಯವರಿಗೆ ಒಪ್ಪಿಸಿಬಿಟ್ಟನು. ಮತಭೇದವನ್ನೆಣಿಸದೆ ಆಶ್ರಯವಿತ್ತ ಕಂಪಿಲನ ಕಥೆಯನ್ನು ಇಬ್ನ್ ಬತೂತನೂ ಬರೆದಿಟ್ಟಿದ್ದಾನೆ. ರಾಜನೀತಿಯ ದೃಷ್ಟಿಯಿಂದ ಬಲ್ಲಾಳನ ನಡೆ ಜಾಣತನವೆನಿಸಬಹುದು. ಆದರೆ ನಾಡಿನ ನೆನಪಿನಲ್ಲಿ ಕಂಪಿಲನೂ ಅವನ ಮಗ ಕುಮಾರರಾಮನೂ ಉಳಿದ ಬಗೆಯೇ ಬೇರೆ.

ಎರಡನೆಯ ನಿದರ್ಶನವು ವಿಜಯನಗರದ್ದು. ತೈಮೂರನ ಮಗ ಶಾರುಖನ ರಾಯಭಾರಿ ಅಬ್ದುರ್ ರಜಾಕನು 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದನು. ಅವನಿಗೆ ಬಿಡಾರವನ್ನು ಕೊಟ್ಟು, ಕುರಿ, ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ ಮತ್ತು ವರಹಗಳನ್ನು ದಿನವೂ ಕಳುಹಿಸುತ್ತಿದ್ದರು. ಅರಸನು ಕರೆಸಿದಾಗಲೆಲ್ಲ ವೀಳ್ಯ, ಕರ್ಪೂರ, ಹಣದ ಚೀಲ ದೊರೆಯುತ್ತಿದ್ದುವು. ಮಹಾನವಮಿಯ ವೈಭವವನ್ನು ಅವನು ಕಣ್ಣಾರೆ ಕಂಡನು. ಈ ಭಾಗವನ್ನು ಎಲ್ಲ ಗ್ರಂಥಕಾರರೂ ಉದ್ಧರಿಸುತ್ತಾರೆ. ಆದರೆ ಅದರ ಮುಂದಿನ ಭಾಗವೇ ನಮಗೆ ಹೆಚ್ಚು ಉಪಯುಕ್ತವಾದುದು. ಅವನು ನಿಜವಾದ ರಾಯಭಾರಿಯಲ್ಲವೆಂದು ಹುರ್ಮುಜಿನ ಕಡೆಯವರು ಗಾಳಿಮಾತನ್ನು ಹಬ್ಬಿಸಿದರು. ದಣ್ಣಾಯಕನು ದಂಡಯಾತ್ರೆಗೆ ಹೋಗಿದ್ದಾಗ ಅವನ ಸ್ಥಾನದಲ್ಲಿದ್ದ ಅಧಿಕಾರಿಯು ಅತಿಥಿಯ ದಿನಗ್ರಾಸವನ್ನು ನಿಲ್ಲಿಸಿದನು. ದಣ್ಣಾಯಕನು ಹಿಂದಿರುಗಿದ ಮೇಲೆಯೇ ಅದು ಸರಿಹೋಯಿತು. ಮೊದಲ ದಿನದ ವೀಳ್ಯಕ್ಕಿಂತ ಆರನೆಯ ತಿಂಗಳ ಅಕ್ಕಿಯೇ ಆತಿಥ್ಯದ ಒರೆಗಲ್ಲು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಒಬ್ಬನ ಸೌಜನ್ಯವನ್ನು ನಂಬಿದ ಸ್ವಾಗತವು ಅವನು ಮರೆಯಾದೊಡನೆ ಕುಸಿಯುತ್ತದೆ.

ಮೂರನೆಯದು ಸಂಡೂರಿನದು. ಘೋರ್ಪಡೆ ಮನೆತನದ ಈ ಚಿಕ್ಕ ಸಂಸ್ಥಾನದಲ್ಲಿ 1932ರಲ್ಲಿ ಕುಮಾರಸ್ವಾಮಿಯ ದೇವಾಲಯದ ಬಾಗಿಲು ಅಸ್ಪೃಶ್ಯರೆನಿಸಿಕೊಂಡವರಿಗೂ ತೆರೆಯಿತು. ತಿರುವಾಂಕೂರಿನ ಪ್ರಸಿದ್ಧ ಘೋಷಣೆ ಹೊರಟುದು 1936ರಲ್ಲಿ. ಸಾಲೋಟಗಿಯ ಶಾಸನದಲ್ಲಿ ಕಾಣದ ಅಂಶವು ಇಲ್ಲಿದೆ. ದೂರದಿಂದ ಬಂದವನನ್ನು ಉಪಚರಿಸುವುದಕ್ಕಿಂತ, ತಲೆಮಾರುಗಳಿಂದ ಪಕ್ಕದಲ್ಲಿಯೇ ಇದ್ದೂ ಹೊರಗೆ ನಿಂತವನನ್ನು ಒಳಗೆ ಕರೆಯುವುದು ಕಠಿಣತರವಾದ ಕಾರ್ಯ.

ಹೊಸಪೇಟೆಯ ಹೆಸರೇ ಈ ವಿಷಯವನ್ನು ಸಾರುತ್ತದೆ. ಕೃಷ್ಣದೇವರಾಯನು ನಾಗಲಾಪುರವೆಂದು ಕಟ್ಟಿಸಿದ ಈ ಊರು ಹೊಸಬರ ಪೇಟೆಯಾಗಿಯೇ ಬೆಳೆಯಿತು. 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ಹರಿಸಿದ ತುಂಗಭದ್ರಾ ಅಣೆಕಟ್ಟಿನ ಕೆಲಸಕ್ಕೆ ಹಲವು ಭಾಷೆಗಳ ಜನರು ಬಂದು ಇಲ್ಲಿ ನೆಲಸಿದರು.

ಇಂಥ ನೆಲದಲ್ಲಿ 1991ರಲ್ಲಿ ಕನ್ನಡ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಚಂದ್ರಶೇಖರ ಕಂಬಾರರು ಅದರ ಮೊದಲ ಕುಲಪತಿಗಳು. ವಿದ್ಯಾರಣ್ಯವೆಂಬ ಆವರಣ, ಕ್ರಿಯಾಶಕ್ತಿಯೆಂಬ ಆಡಳಿತಭವನ, ಅಕ್ಷರವೆಂಬ ಗ್ರಂಥಾಲಯ, ನವರಂಗವೆಂಬ ಬಯಲು ರಂಗಮಂದಿರ: ಈ ಹೆಸರುಗಳು ಹೊಸ ವಿದ್ಯಾರ್ಥಿಗೆ ಪರಕೀಯವಾಗಿ ಕೇಳಿಸುವುದಿಲ್ಲ. ಘಟಿಕೋತ್ಸವವನ್ನು ಇಲ್ಲಿ 'ನುಡಿಹಬ್ಬ'ವೆಂದು ಕರೆಯುತ್ತಾರೆ. ಕಲಿತು ಹೊರಡುವವನಿಗೆ ಹಬ್ಬವಿರುವಾಗ ಕಲಿಯಲು ಬರುವವನಿಗೆ ಏನಿರಬೇಕು ಎಂದು ಕೇಳುವುದು ಅನುಚಿತವಲ್ಲ.

ಈ ಪ್ರಶ್ನೆಯ ಹಿಂದೆ ಒಂದು ಕಹಿಯಾದ ಅನುಭವವುಂಟು. ದೇಶದ ಅನೇಕ ವಿದ್ಯಾಲಯಗಳಲ್ಲಿ ಹಿರಿಯ ವಿದ್ಯಾರ್ಥಿಗಳು ಹೊಸಬರನ್ನು ಪರಿಚಯದ ನೆಪದಿಂದ ಪೀಡಿಸುವ ರ‍್ಯಾಗಿಂಗ್ ಎಂಬ ದುಷ್ಪದ್ಧತಿ ಪ್ರಾಣಹಾನಿಯವರೆಗೂ ಹೋಯಿತು. ಕರ್ನಾಟಕದ 1983ರ ಶಿಕ್ಷಣ ಅಧಿನಿಯಮವು ಇದನ್ನು ದಂಡನೀಯವೆಂದಿತು. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2009ರಲ್ಲಿ ಕಟ್ಟುನಿಟ್ಟಾದ ನಿಯಮಗಳನ್ನು ಹೊರಡಿಸಿತು. 2019ರಲ್ಲಿ ಅದೇ ಆಯೋಗವು 'ದೀಕ್ಷಾರಂಭ'ವೆಂಬ ಮಾರ್ಗದರ್ಶಿಯ ಮೂಲಕ, ಹೊಸಬರನ್ನು ಬರಮಾಡಿಕೊಳ್ಳುವುದು ಒಂದು ದಿನದ ಸಮಾರಂಭವಾಗಿರದೆ ಕ್ರಮಬದ್ಧ ಕಾರ್ಯವಾಗಬೇಕೆಂದು ಸೂಚಿಸಿತು. ಕೇಡನ್ನು ತಡೆಯುವುದು ಕಾನೂನಿನ ಕೆಲಸ. ನಂಟನ್ನು ಬೆಳೆಸುವುದು ಕಾನೂನಿನಿಂದ ಸಾಧ್ಯವಿಲ್ಲ.

ಒಟ್ಟಿನಲ್ಲಿ ಮೇಲಿನ ನಿದರ್ಶನಗಳಿಂದ ನಾಲ್ಕು ಅಂಶಗಳನ್ನು ನಿಷ್ಕರ್ಷಿಸಬಹುದು. ಹೊಸಬರ ಹೊಣೆಯನ್ನು ವಿದ್ಯಾಲಯದೊಡನೆ ಸುತ್ತಣ ಊರೂ ಹಂಚಿಕೊಳ್ಳಬೇಕು. ಇದು ಸಾಲೋಟಗಿಯ ಪಾಠ. ಕಷ್ಟ ಬಂದಾಗಲೂ ಕೈಬಿಡಬಾರದು, ಇದು ಕಂಪಿಲನದು. ಉಪಚಾರವು ವ್ಯಕ್ತಿಯನ್ನಲ್ಲದೆ ವ್ಯವಸ್ಥೆಯನ್ನು ನೆಚ್ಚಿರಬೇಕು. ಇದು ರಜಾಕನ ಬರೆಹದ್ದು. ಪಂಕ್ತಿಯಲ್ಲಿ ಎಲ್ಲರಿಗೂ ಎಡೆಯಿರಬೇಕು, ಇದು ಸಂಡೂರಿನದು. ಮೊದಲ ಬಾರಿಗೆ ಮನೆಯಿಂದ ವಿದ್ಯಾಲಯದ ಮೆಟ್ಟಿಲೇರಿದ ಹಳ್ಳಿಯ ಹುಡುಗ ಹುಡುಗಿಯರು ಅರ್ಧದಲ್ಲಿಯೇ ಊರಿಗೆ ಮರಳುವರೋ ಪದವಿ ಪಡೆದು ಹೊರಡುವರೋ ಎಂಬುದು ಎಷ್ಟೋ ವೇಳೆ ಪಾಠದ ಕಾಠಿಣ್ಯಕ್ಕಿಂತಲೂ ಈ ಮೊದಲ ತಿಂಗಳುಗಳ ಒಡನಾಟವನ್ನು ಅವಲಂಬಿಸಿದೆ. ಆದುದರಿಂದ ಸ್ವಾಗತದ ದಿನದ ಹೂಮಾಲೆಯ ವೆಚ್ಚದಲ್ಲಿ ಒಂದು ಪಾಲನ್ನು ವಿದ್ಯಾರ್ಥಿನಿಲಯದ ಅಡುಗೆಮನೆಗೂ ದೀಪಕ್ಕೂ ಮೀಸಲಿಡುವುದು ನಮ್ಮ ಪರಂಪರೆಗೆ ಹೆಚ್ಚು ಒಪ್ಪುವ ಮಾತೆಂದು ನಾವು ಭಾವಿಸುತ್ತೇವೆ.