ಘಜ್ನಿಯ ಗದ್ದುಗೆಗೆ ಅಡಿಗಲ್ಲು ಹಾಕಿದ ಗುಲಾಮ

ಘಜ್ನಿ ಎಂದೊಡನೆ ನಮಗೆ ನೆನಪಾಗುವುದು ಮಹಮೂದ್ ಒಬ್ಬನೇ. ಶಾಲೆಯ ಪಾಠ ಅವನ ದಂಡಯಾತ್ರೆಗಳಿಂದಲೇ ಶುರುವಾಗುತ್ತದೆ. ಅವನನ್ನು ಹೊಗಳುವವರಿಗೂ ತೆಗಳುವವರಿಗೂ ಅದಕ್ಕಿಂತ ಹಿಂದೆ ಹೋಗುವ ಪುರುಸೊತ್ತಿಲ್ಲ. ಆ ರಾಜ್ಯಕ್ಕೆ ಅಡಿಗಲ್ಲು ಹಾಕಿದವನು ಹಣಕ್ಕೆ ಮಾರಾಟವಾಗಿ ಬಂದ ಒಬ್ಬ ತುರ್ಕಿ. ಹೆಸರು ಅಲ್ಪ್‌ತಗೀನ್. ತುರ್ಕಿಯಲ್ಲಿ 'ಅಲ್ಪ್' ಎಂದರೆ ವೀರ, 'ತಗೀನ್' ಎಂದರೆ ರಾಜಕುಮಾರ. ಹೆಸರಿನಲ್ಲಿ ರಾಜಕುಮಾರ, ಬದುಕಿನಲ್ಲಿ ಗುಲಾಮ!

ಗುಲಾಮ ಎಂಬ ಮಾತನ್ನು ನಾವು ಬೈಗುಳವಾಗಿ, ಹೆಚ್ಚೆಂದರೆ ಇಸ್ಪೀಟಿನ ಎಲೆಯಾಗಿ ಬಲ್ಲೆವು. ಬುಖಾರಾದ ಸಾಮಾನಿ ದೊರೆಗಳ ಆಸ್ಥಾನದಲ್ಲಿ ಅದು ಒಂದು ಹುದ್ದೆಗೆ ಹತ್ತುವ ಮೆಟ್ಟಿಲೂ ಆಗಿತ್ತು. ಹುಲ್ಲುಗಾವಲಿನ ನಾಡುಗಳಿಂದ ತಂದ ತುರ್ಕಿ ಹುಡುಗರಿಗೆ ಕುದುರೆ ಸವಾರಿ, ಕತ್ತಿವರಸೆ ಕಲಿಸಿ ಅರಮನೆಯ ಕಾವಲಿಗೆ ಇಡುತ್ತಿದ್ದರು. ಬಂಧುಬಳಗವಿಲ್ಲದ ಇವರು ದೊರೆಗೆ ಮಾತ್ರ ನಿಷ್ಠರಾಗಿರುತ್ತಾರೆಂಬ ಲೆಕ್ಕ. ಆದರೆ ಮುಂದಿನ ದೊರೆ ಯಾರಾಗಬೇಕೆಂದು ಹೇಳುವ ಮಟ್ಟಕ್ಕೆ ಕಾವಲಿನವರೇ ಬೆಳೆದರು.

ಅಲ್ಪ್‌ತಗೀನ್ ಅರಮನೆಯ ಮುಖ್ಯ ಹಾಜಿಬನಾಗಿ, 961ರಲ್ಲಿ ಖುರಾಸಾನಿನ ಸೇನಾಧಿಪತಿಯೂ ಆದ. ಅದೇ ವರ್ಷ ದೊರೆ ಅಬ್ದುಲ್ ಮಲಿಕ್ ಕುದುರೆಯಿಂದ ಬಿದ್ದು ಸತ್ತ. ಅವನ ಎಳೆಯ ಮಗನಿಗೆ ಪಟ್ಟವಾಗಲೆಂದು ಅಲ್ಪ್‌ತಗೀನ್ ಬಯಸಿದ. ಬುಖಾರಾದವರು ತಮ್ಮ ಮನ್ಸೂರನನ್ನು ಕೂರಿಸಿದರು. ಸೋತ ಪಕ್ಷದವನಿಗೆ ಅಲ್ಲಿ ಉಳಿಗಾಲವಿರಲಿಲ್ಲ. ತನ್ನ ಸ್ವಂತ ಗುಲಾಮರ ಪಡೆಯೊಂದಿಗೆ ಬಲ್ಖ್‌ನತ್ತ ಹೊರಟ. ಬೆನ್ನಟ್ಟಿ ಬಂದ ಸಾಮಾನಿ ಸೈನ್ಯವನ್ನು 962ರಲ್ಲಿ ಹೊಡೆದೋಡಿಸಿ, ಹಿಂದೂಕುಶ್ ದಾಟಿ ಘಜ್ನಿಗೆ ಮುತ್ತಿಗೆ ಹಾಕಿದ. ಆಗ ಅದು ಲಾವೀಕ್ ಮನೆತನದವರ ಕೈಯಲ್ಲಿದ್ದ ಗಡಿಯ ಊರು. ಕೆಲವು ತಿಂಗಳಲ್ಲಿ ಕೋಟೆ ಕೈಗೆ ಬಂತು.

ಶತಮಾನಕ್ಕೂ ಹೆಚ್ಚು ಕಾಲದ ನಂತರ ಸೆಲ್ಜೂಕ್ ವಜೀರ ನಿಜಾಮುಲ್ ಮುಲ್ಕ್ ತನ್ನ 'ಸಿಯಾಸತ್‌ನಾಮಾ'ದಲ್ಲಿ ಈ ಮುತ್ತಿಗೆಯ ಒಂದು ಕತೆ ಹೇಳುತ್ತಾನೆ. ರೈತನೊಬ್ಬನ ಕೋಳಿಯನ್ನು ಕಾಸು ಕೊಡದೆ ಕಿತ್ತುಕೊಂಡು ಬಂದ ತನ್ನದೇ ಸೈನಿಕನಿಗೆ ಅಲ್ಪ್‌ತಗೀನ್ ಮರಣದಂಡನೆ ವಿಧಿಸಿದನಂತೆ. ಅದನ್ನು ಕಂಡ ಊರವರು ನ್ಯಾಯವಂತ ದೊರೆ ಸಿಕ್ಕನೆಂದು ಬಾಗಿಲು ತೆರೆದರಂತೆ. ಸುಲ್ತಾನನಿಗೆ ಬುದ್ಧಿ ಹೇಳಲು ಬರೆದ ಪುಸ್ತಕವಾದ್ದರಿಂದ ಇದನ್ನು ಅಕ್ಷರಶಃ ನಂಬಬೇಕಿಲ್ಲ. ಒಂದು ಕೋಳಿಗೆ ಒಂದು ತಲೆ ಎಂಬ ನ್ಯಾಯವನ್ನು ಮೆಚ್ಚಿಕೊಳ್ಳುವುದೂ ಕಷ್ಟ. ಆದರೆ ರೈತನ ಕೋಳಿಗೂ ಬೆಲೆಯಿದೆ ಎಂದವನೆಂಬ ಹೆಸರು ಅಷ್ಟು ಕಾಲ ಉಳಿದಿತ್ತಲ್ಲ!

963ರಲ್ಲೇ ಅಲ್ಪ್‌ತಗೀನ್ ತೀರಿಕೊಂಡ. ಮಗ ಅಬೂ ಇಸ್‌ಹಾಕ್ ಇಬ್ರಾಹೀಮ್ ಊರನ್ನು ಲಾವೀಕರಿಗೆ ಬಿಟ್ಟು ಓಡಬೇಕಾಯಿತು. ತಂದೆ ಎದುರು ಹಾಕಿಕೊಂಡಿದ್ದ ಬುಖಾರಾದ ನೆರವಿನಿಂದಲೇ 965ರಲ್ಲಿ ಮರಳಿ ಬಂದ. ಅವನ ನಂತರ ಗದ್ದುಗೆ ಮೊಮ್ಮಕ್ಕಳಿಗೆ ಹೋಗಲಿಲ್ಲ. ಹಳೆಯ ಗುಲಾಮರ ನಡುವೆಯೇ ಕೈಬದಲಾಗುತ್ತಾ ಮೊದಲು ಬಿಲ್ಗೆತಗೀನ್, ಆಮೇಲೆ ಬೋರಿತಗೀನ್, 977ರಲ್ಲಿ ಸಬುಕ್ತಗೀನ್ ದೊರೆಯಾದರು. ಸಬುಕ್ತಗೀನನನ್ನು ಹಣ ಕೊಟ್ಟು ಕೊಂಡು ತಂದವನು ಇದೇ ಅಲ್ಪ್‌ತಗೀನ್. ದೊರೆಯಾದ ಮೇಲೂ ಆತ ನಾಣ್ಯಗಳಲ್ಲಿ ಸಾಮಾನಿ ಒಡೆಯರ ಹೆಸರನ್ನು ಬಿಡಲಿಲ್ಲ.

997ರಲ್ಲಿ ಸಬುಕ್ತಗೀನ್ ಸಾಯುವ ಮುನ್ನ ಕಿರಿಯ ಮಗ ಇಸ್ಮಾಯೀಲನಿಗೆ ಪಟ್ಟ ಬರೆದಿಟ್ಟ. ಮರುವರ್ಷ ಹಿರಿಯ ಮಗ ಮಹಮೂದ್ ದಂಡೆತ್ತಿ ಬಂದು, ತಮ್ಮನನ್ನು ಸೆರೆಹಿಡಿದು ಗದ್ದುಗೆಯೇರಿದ.