ರಾಯಚೂರು ದೋಆಬಿನ ನದಿ ಮೀನುಗಾರಿಕೆ: ಒಂದು ಚಾರಿತ್ರಿಕ ಅವಲೋಕನ

ಕೃಷ್ಣಾ-ತುಂಗಭದ್ರಾ ನದಿಗಳ ನಡುವಣ ರಾಯಚೂರು ದೋಆಬಿನ ಚರಿತ್ರೆಯು ಬಹುಮಟ್ಟಿಗೆ ಕೋಟೆ, ಕಾಳಗಗಳ ಚರಿತ್ರೆಯಾಗಿಯೇ ರಚಿತವಾಗಿದೆ. ಇದೇ ನದಿಗಳಲ್ಲಿ ಬಲೆ, ಗಾಳ, ಹರಿಗೋಲುಗಳನ್ನು ನಂಬಿ ಬದುಕಿದ ಬೆಸ್ತ, ಅಂಬಿಗ ಸಮುದಾಯಗಳ ಕಸುಬಿಗೆ ಅದರಲ್ಲಿ ದೊರೆತಿರುವ ಸ್ಥಾನ ಅತ್ಯಲ್ಪ.

1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಅಲ್ಲಿನ ನದಿಯಲ್ಲಿದ್ದ ಚರ್ಮ ಹೊದಿಸಿದ ಬುಟ್ಟಿಯಾಕಾರದ ದೋಣಿಗಳನ್ನು ದಾಖಲಿಸಿದ್ದಾನೆ. 1839ರಲ್ಲಿ ಡಬ್ಲ್ಯು. ಎಚ್. ಸೈಕ್ಸ್, ಪುಣೆಯ ಮುಳಾ-ಮುಠಾ ನದಿಯ ಮೀನೊಂದನ್ನು ಶಾಸ್ತ್ರೀಯವಾಗಿ ವರ್ಣಿಸಿದನು; ಅದೇ ದಖ್ಖನಿನ ಮಹಶೀರ್. ಆ ನದಿಯ ನೀರು ಭೀಮೆಯ ಮೂಲಕ ರಾಯಚೂರು ನಗರದ ಉತ್ತರಕ್ಕೆ ಕೃಷ್ಣೆಯನ್ನು ಸೇರುತ್ತದೆ. ಮಳೆಗಾಲದಲ್ಲಿ ಹರಿವಿಗೆದುರಾಗಿ ಸಾಗಿ ಮೊಟ್ಟೆಯಿಡುವುದು ಮಹಶೀರ್‌ನ ಸ್ವಭಾವ.

ಮಾನ್ವಿಗಿಂತ ಮೇಲೆ ತುಂಗಭದ್ರಾ ಅಣೆಕಟ್ಟು 1953ರಲ್ಲಿಯೂ, ದೇವದುರ್ಗಕ್ಕಿಂತ ಮೇಲೆ ಕೃಷ್ಣೆಗೆ ನಾರಾಯಣಪುರ ಅಣೆಕಟ್ಟು 1982ರಲ್ಲಿಯೂ ಸಿದ್ಧಗೊಂಡವು. ಇವುಗಳಿಂದ ಹೊಲಗಳಿಗೆ ನೀರು ಹರಿಯಿತು. ಮೇಲಕ್ಕೇರುವ ಮೀನುಗಳ ಹಾದಿ ಕಡಿಯಿತು. ಜಲಾಶಯಗಳಲ್ಲಿ ಗಂಗಾ ಬಯಲಿನ ಕಾಟ್ಲಾ, ರೋಹು ಮರಿಗಳನ್ನು ಬಿಡಲಾಯಿತು. ನೀರಾವರಿಯ ಲಾಭವನ್ನು ಎಕರೆಗಳಲ್ಲಿ ಅಳೆದ ಚರಿತ್ರೆಯು, ಅಣೆಕಟ್ಟಿನ ಕೆಳಗೆ ಬಲೆ ಬೀಸುವವರ ನಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿದೆ.